ಮೊದಲು ರೋಟರ್ ನೋಡಿ, ಆಮೇಲೆ ಮೋಟರ್

ಆಸ್ಪತ್ರೆಯ ಲ್ಯಾಬಿನಲ್ಲಿ ಅನಲೈಸರ್‌ಗೆ ಸಿಗುವ ಮರ್ಯಾದೆ ಸೆಂಟ್ರಿಫ್ಯೂಜಿಗೆ ಸಿಗುವುದಿಲ್ಲ. ಮೂಲೆಯಲ್ಲಿ ಗುಂಯ್‌ಗುಡುತ್ತ ಇರುತ್ತದೆ. ನಿಂತುಹೋದಾಗ ಮಾತ್ರ ಅದರ ನೆನಪು, ಅದೂ ಮೋಟರಿನ ನೆನಪು. ಮೋಟರ್ ಕೆಟ್ಟರೆ ಆ ದಿನದ ಕೆಲಸ ನಿಲ್ಲುತ್ತದೆ, ಅಷ್ಟೇ. ಅನಾಹುತ ಹುಟ್ಟುವುದು ರೋಟರ್, ಬಕೆಟ್ ಮತ್ತು ಟ್ಯೂಬುಗಳಲ್ಲಿ. ಹೊಸದಾಗಿ ಸೇರುವ ಟೆಕ್ನಿಷಿಯನ್ನರಿಗೆ ನಾನು ಹೇಳುತ್ತ ಬಂದದ್ದು ಇದನ್ನೇ, ಬೇರೆ ಬೇರೆ ರೀತಿಯಲ್ಲಿ.

1. ಎದುರುಬದುರು ಟ್ಯೂಬುಗಳ ತೂಕ ಸಮ ಇರಬೇಕು. ಮಟ್ಟ ಸಮ ಇದ್ದರೆ ಸಾಲದು. ಒಂದೇ ಬಗೆಯ ಟ್ಯೂಬು, ಎರಡರಲ್ಲೂ ರಕ್ತ ಇದ್ದರೆ ಕಣ್ಣಳತೆ ನಡೆಯುತ್ತದೆ. ರಕ್ತದ ಎದುರು ಅಷ್ಟೇ ಮಟ್ಟದ ನೀರು ಇಟ್ಟರೆ ನಡೆಯುವುದಿಲ್ಲ, ರಕ್ತ ನೀರಿಗಿಂತ ಭಾರ. 15 ಸೆಂ.ಮೀ. ತ್ರಿಜ್ಯದ ರೋಟರ್ 3000 ಆರ್‌ಪಿಎಂನಲ್ಲಿ ತಿರುಗುವಾಗ ಬಲ ಗುರುತ್ವದ ಸುಮಾರು 1500 ಪಟ್ಟು. ಒಂದು ಗ್ರಾಂ ಹೆಚ್ಚುಕಡಿಮೆಯಾದರೆ ಒಂದೇ ಕಡೆಗೆ ಒಂದೂವರೆ ಕೆ.ಜಿ. ಎಳೆತ ಬೀಳುತ್ತದೆ. ಪಕ್ಕದಲ್ಲೊಂದು ಸಣ್ಣ ತಕ್ಕಡಿ ಇಟ್ಟುಕೊಂಡು, ನೀರಿನ ಡಮ್ಮಿ ಟ್ಯೂಬನ್ನು ತೂಗಿಯೇ ಎದುರಿಡಿ. ತೂಗಾಡುವ ಬಕೆಟ್ಟಿನ ರೋಟರಾದರೆ ನಾಲ್ಕೂ ಬಕೆಟ್ ಹಾಕಲೇಬೇಕು, ಎರಡು ಖಾಲಿಯಿದ್ದರೂ ಸರಿ. ಬಕೆಟ್ಟಿನ ಮೇಲೆ ಕೆತ್ತಿರುವ ಅಂಕೆ ಅಲಂಕಾರಕ್ಕಲ್ಲ. ಒಂದು ಯಂತ್ರದ ಬಕೆಟ್ ಇನ್ನೊಂದಕ್ಕೆ ಹಾಕಬೇಡಿ.

2. ಗೋಡೆಗೆ ಅಂಟಿಸಿದ ಚೀಟಿಯಲ್ಲಿ ‘3000 ಆರ್‌ಪಿಎಂ, 10 ನಿಮಿಷ’ ಅಂತಷ್ಟೇ ಇದ್ದರೆ ಅದು ಅರ್ಧ ಮಾಹಿತಿ. ಅದೇ 3000ಕ್ಕೆ 10 ಸೆಂ.ಮೀ. ತ್ರಿಜ್ಯದ ಯಂತ್ರ ಕೊಡುವುದು ಸುಮಾರು 1000 ಜಿ ಮಾತ್ರ. ಲೆಕ್ಕ ಸುಲಭ: ಆರ್‌ಪಿಎಂನ ವರ್ಗವನ್ನು ಸೆಂಟಿಮೀಟರಿನಲ್ಲಿರುವ ತ್ರಿಜ್ಯದಿಂದ ಗುಣಿಸಿ, ಬಂದದ್ದನ್ನು 0.00001118ರಿಂದ ಗುಣಿಸಿ. ಬಕೆಟ್ ಅಡ್ಡಕ್ಕೆ ಚಾಚಿಕೊಂಡಾಗ ಟ್ಯೂಬಿನ ತಳದವರೆಗಿನ ದೂರವೇ ತ್ರಿಜ್ಯ. ಯಂತ್ರ ನಿಂತಿರುವಾಗ ಕೈಯಲ್ಲಿ ಬಕೆಟ್ ಎತ್ತಿ ಹಿಡಿದು ಅಳೆಯಬಹುದು. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುತ್ತದೆ. ‘ಸ್ವಲ್ಪ ಜೋರಾಗಿ ಬಿಡೋಣ, ಬೇಗ ಆಗುತ್ತೆ’ ಅನ್ನುವವರು ಇದನ್ನು ಮರೆತಿರುತ್ತಾರೆ.

3. ಸೀರಮ್ ಬೇಕಾದರೆ ರಕ್ತ ಹೆಪ್ಪುಗಟ್ಟುವ ತನಕ ಕಾಯಿರಿ. ಸಾಮಾನ್ಯ ಟ್ಯೂಬಿಗೆ ಅರ್ಧ ಗಂಟೆಯಾದರೂ ಬೇಕು. ಹೆಪಾರಿನ್ ಪಡೆಯುತ್ತಿರುವ ರೋಗಿಯ ರಕ್ತಕ್ಕೆ ಇನ್ನೂ ಹೆಚ್ಚು. ಅವಸರಪಟ್ಟರೆ ಫೈಬ್ರಿನ್ ಎಳೆ ಅನಲೈಸರಿನ ಪ್ರೋಬಿಗೆ ಸಿಕ್ಕಿಕೊಳ್ಳುತ್ತದೆ. ಜೆಲ್ ಟ್ಯೂಬನ್ನು ಎರಡನೇ ಸಲ ತಿರುಗಿಸಲೂಬೇಡಿ, ಪೊಟ್ಯಾಶಿಯಂ ಸುಳ್ಳೇ ಏರಿ ಬರುತ್ತದೆ.

4. ಒಳಗೆ ಟ್ಯೂಬ್ ಒಡೆದ ಸದ್ದು ಕೇಳಿದರೆ ಸ್ವಿಚ್ ಆರಿಸಿ ಸುಮ್ಮನಿರಿ. ಮುಚ್ಚಳ ತೆಗೆಯಬೇಡಿ. ಸುಮ್ಮನಿರುವುದೇ ಇಲ್ಲಿ ಕಷ್ಟದ ಕೆಲಸ, ಯಾಕೆಂದರೆ ಹೊರಗೆ ರಿಪೋರ್ಟಿಗೆ ಜನ ಕಾಯುತ್ತಿರುತ್ತಾರೆ. ಆದರೆ ಒಳಗೆ ರಕ್ತದ ಕಣಗಳು ಮಂಜಿನಂತೆ ತೇಲುತ್ತಿರುತ್ತವೆ, ಅದು ಯಾರ ರಕ್ತ, ಅದರಲ್ಲೇನಿದೆ ಅನ್ನುವುದು ಇನ್ನೂ ಗೊತ್ತಾಗಿರುವುದಿಲ್ಲ. ಆ ಕಣಗಳು ಕೆಳಗಿಳಿಯಲೆಂದೇ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗಾಲಯ ಕೈಪಿಡಿ 30 ನಿಮಿಷ ಮುಚ್ಚಿಡಲು ಹೇಳಿದ್ದು. ಯಂತ್ರ ನಿಂತ ಮೇಲೆ ಒಡೆದದ್ದು ಕಂಡರೂ ಅಷ್ಟೇ, ಮುಚ್ಚಳ ಹಾಕಿ ಕಾಯಿರಿ. ಆಮೇಲೆ ದಪ್ಪ ಗ್ಲೌಸ್ ಮತ್ತು ಮಾಸ್ಕ್ ಹಾಕಿಕೊಂಡು ಗಾಜಿನ ಚೂರುಗಳನ್ನು ಚಿಮಟದಿಂದ ತೆಗೆಯಿರಿ. ಬಕೆಟ್ಟಿನ ತಳದ ರಬ್ಬರ್ ಕುಶನ್ನನ್ನೂ ಹೊರತೆಗೆದು ನೋಡಿ. ಅದರಲ್ಲಿ ಅಡಗಿ ಕೂತ ಒಂದು ಚೂರು ಸಾಕು, ಮುಂದಿನ ಟ್ಯೂಬೂ ಒಡೆಯುತ್ತದೆ. ಬೈಗುಳ ಟ್ಯೂಬಿನ ಕಂಪನಿಗೆ ಬೀಳುತ್ತದೆ. ಕಫದಂಥ ಸ್ಯಾಂಪಲ್‌ಗಳಿಗೆ ಮುಚ್ಚಳವಿರುವ ಬಕೆಟ್ಟೇ ಬೇಕು. ಅದನ್ನು ತುಂಬುವುದೂ ತೆರೆಯುವುದೂ ಬಯೋಸೇಫ್ಟಿ ಕ್ಯಾಬಿನೆಟ್ಟಿನೊಳಗೇ ಆಗಬೇಕು.

5. ಹೈಪೋಕ್ಲೋರೈಟ್ ನೆಲಕ್ಕೆ ಒಳ್ಳೆಯದು, ಅಲ್ಯೂಮಿನಿಯಂ ರೋಟರಿಗೆ ವಿಷ. ಶುದ್ಧ ಮಾಡುತ್ತೇವೆಂದು ರೋಟರನ್ನು ಅದರಲ್ಲಿ ನೆನೆಹಾಕುವುದನ್ನು ಹಲವು ಕಡೆ ನೋಡಿದ್ದೇನೆ. ಕ್ಲೋರಿನ್, ಉಪ್ಪುನೀರು ಮತ್ತು ಕ್ಷಾರದ ಸೋಪು ಲೋಹದ ಮೇಲಿನ ರಕ್ಷಣಾ ಪದರವನ್ನು ತಿನ್ನುತ್ತವೆ. ಮೊದಲು ಬಿಳಿ ಚುಕ್ಕೆ ಕಾಣುತ್ತದೆ, ಆಮೇಲೆ ಸೂಜಿಮೊನೆಯಷ್ಟು ಗುಳಿ ಬೀಳುತ್ತದೆ, ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಸೌಮ್ಯ ಡಿಟರ್ಜೆಂಟಿನಿಂದ ಮೆತ್ತಗೆ ತೊಳೆದು, ಬರೀ ನೀರಿನಲ್ಲಿ ಜಾಲಿಸಿ, ಬೋರಲು ಹಾಕಿ ಒಣಗಿಸಿ. ತಂತಿ ಬ್ರಷ್ ಹತ್ತಿರ ತರಬೇಡಿ. ಸೋಂಕು ಕಳೆಯಲು 70 ಪ್ರತಿಶತ ಆಲ್ಕೋಹಾಲ್ ಸಾಕಾಗುವ ಕಡೆ ಅದನ್ನೇ ಬಳಸಿ. ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ರೋಟರಿನಲ್ಲಿ ಟ್ಯೂಬ್ ಕೂರುವ ಕುಳಿಗಳ ಒಳಗೆ ನೋಡಿ.

ಹೊರಗಿನಿಂದ ಗಟ್ಟಿಯಾಗಿ ಕಂಡರೂ ಪ್ರತಿ ಸಲ ತಿರುಗಿದಾಗ ಲೋಹ ಅಷ್ಟಷ್ಟು ದಣಿಯುತ್ತದೆ. 1998ರ ಡಿಸೆಂಬರಿನಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹಾಲಿನ ಸ್ಯಾಂಪಲ್ ತಿರುಗಿಸುತ್ತಿದ್ದ ಅಲ್ಟ್ರಾಸೆಂಟ್ರಿಫ್ಯೂಜಿನ ಅಲ್ಯೂಮಿನಿಯಂ ರೋಟರ್ 20,000 ಆರ್‌ಪಿಎಂನಲ್ಲಿ ಸಿಡಿಯಿತು. ಯಂತ್ರದ ಕವಚ ಚೂರುಗಳನ್ನು ತಡೆಯಲಿಲ್ಲ. ಪಕ್ಕದ ಫ್ರಿಜ್ ಹಾಳಾಯಿತು, ಗೋಡೆಗೂ ಚಾವಣಿಗೂ ತೂತು ಬಿತ್ತು, ಕಿಟಕಿ ಗಾಜುಗಳು ಪುಡಿಯಾದವು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಅದೇ ರೋಟರ್ ಅದೇ ಕೆಲಸವನ್ನು ಮುಂಚೆ ಎಷ್ಟೋ ಸಲ ಮಾಡಿತ್ತು. ‘ಇಷ್ಟು ದಿನ ಏನೂ ಆಗಿಲ್ಲ’ ಅನ್ನುವ ಮಾತಿನ ಬೆಲೆ ಅಷ್ಟೇ. ಹೈಸ್ಪೀಡ್ ರೋಟರಿನ ಆಯಸ್ಸನ್ನು ಕಂಪನಿಯವರು ವರ್ಷದಲ್ಲೋ ಸುತ್ತಿನ ಲೆಕ್ಕದಲ್ಲೋ ಕೊಟ್ಟಿರುತ್ತಾರೆ. ಅದಕ್ಕೊಂದು ಲಾಗ್‌ಬುಕ್ ಇಡಿ, ಅವಧಿ ಮುಗಿದ ದಿನ ಚೆನ್ನಾಗಿ ಕಂಡರೂ ತೆಗೆದುಬಿಡಿ.

6. ಕರೆಂಟ್ ಹೋದಾಗ ರೋಟರ್ ತಾನಾಗಿ ನಿಧಾನಕ್ಕೆ ನಿಲ್ಲುತ್ತದೆ, ಮುಚ್ಚಳದ ಲಾಕ್ ಬಿಡುವುದಿಲ್ಲ. ಕೈಯಿಂದ ಬಿಡಿಸುವ ವ್ಯವಸ್ಥೆ ಇದ್ದರೂ ಪೂರ್ತಿ ನಿಂತಿರುವುದು ಖಾತ್ರಿಯಾದ ಮೇಲೆಯೇ ಅದನ್ನು ಮುಟ್ಟಿ. ಹಳೆಯ ಯಂತ್ರಗಳಲ್ಲಿ ಲಾಕೇ ಇರುವುದಿಲ್ಲ. ಅಂಗೈ ಒತ್ತಿ ರೋಟರ್ ನಿಲ್ಲಿಸುವ ಶೂರರು ಇನ್ನೂ ಇದ್ದಾರೆ.

7. ಮೋಟರಿನ ಕಾರ್ಬನ್ ಬ್ರಷ್ ಸವೆದರೆ ಎರಡನ್ನೂ ಒಟ್ಟಿಗೆ ಬದಲಿಸಿ.

8. ಮೇಜು ಅಲುಗಬಾರದು, ನಾಲ್ಕೂ ಕಾಲು ಊರಿರಬೇಕು, ಸುತ್ತ 30 ಸೆಂ.ಮೀ. ಖಾಲಿ ಇರಬೇಕು. ವೇಗ ಹಿಡಿಯುವವರೆಗೂ ಪಕ್ಕದಲ್ಲೇ ನಿಲ್ಲಿ, ಸಮತೋಲ ತಪ್ಪಿದ್ದರೆ ಸಾಮಾನ್ಯವಾಗಿ ಅಷ್ಟರಲ್ಲೇ ಗೊತ್ತಾಗುತ್ತದೆ. ತಂಪು ಮಾಡುವ ಸೆಂಟ್ರಿಫ್ಯೂಜಾದರೆ ಸಂಜೆ ಸ್ವಿಚ್ ಆರಿಸಿ, ಒಳಗೆ ಕಟ್ಟಿದ ನೀರು ಒರೆಸಿ, ಮುಚ್ಚಳ ತೆರೆದೇ ಮನೆಗೆ ಹೋಗಿ.