ನಮ್ಮ ತಟ್ಟೆಯ ಊಟ ಯಾರ ಹೊಲದ್ದು?



ಅಂದಂದಿನ ಆಹಾರಕ್ಕಾಗಿ ನಾವು ದಿನವೂ ಪ್ರಾರ್ಥಿಸುತ್ತೇವೆ. ಆದರೆ ಆ ಆಹಾರ ಯಾರ ಹೊಲದಿಂದ ಬಂತೆಂದು ಎಷ್ಟು ಮಂದಿ ಕೇಳುತ್ತೇವೆ?

ಹುಣಸೂರು ತಾಲ್ಲೂಕಿನ ಗಾವಡಗೆರೆ ಹೋಬಳಿಯ ಕಡೆ ಮುಂಗಾರಿನಲ್ಲಿ ಹೋಗಿ ನೋಡಿ. ಹೊಲಗಳಲ್ಲಿ ಹೊಗೆಸೊಪ್ಪು, ಅದನ್ನು ಹದಗೊಳಿಸಲು ಬ್ಯಾರನ್‌ಗಳು. ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳಲ್ಲೂ ಇದೇ ನೋಟ. ಇದಕ್ಕಾಗಿ ರೈತರನ್ನು ದೂರುವುದು ನ್ಯಾಯವಲ್ಲ. ತಂಬಾಕು ಮಂಡಳಿಯ ಹರಾಜಿನಲ್ಲಿ ಒಟ್ಟಾಗಿ ಹಣ ಕೈಸೇರುತ್ತದೆ. ಮಕ್ಕಳ ಓದು, ಮದುವೆ ಅದರಿಂದಲೇ ನಡೆಯಬೇಕು. ಆದರೆ ಬ್ಯಾರನ್‌ಗೆ ರಾಶಿ ರಾಶಿ ಸೌದೆ ಬೇಕು. ದರ ಕುಸಿದ ವರ್ಷ ಸಾಲವೇ ಉಳಿಯುತ್ತದೆ. ಎಷ್ಟೇ ಹಸಿವಾದರೂ ಹೊಗೆಸೊಪ್ಪನ್ನು ಉಣ್ಣಲಾಗದು!

ಹಿರಿಯರ ಜಾಣತನ

ನಮ್ಮ ಹಿರಿಯರು ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಅಕ್ಕಡಿ ಸಾಲಾಗಿ ಬಿತ್ತುತ್ತಿದ್ದರು. ಒಂದೇ ಹೊಲದಿಂದ ಮುದ್ದೆಗೆ ಹಿಟ್ಟು, ಸಾರಿಗೆ ಕಾಳು, ಒಗ್ಗರಣೆಗೆ ಎಣ್ಣೆ, ದನಕ್ಕೆ ಹುಲ್ಲು. ಒಂದು ಬೆಳೆ ಕೈಕೊಟ್ಟರೂ ಇನ್ನೊಂದು ಕೈಹಿಡಿಯುತ್ತಿತ್ತು. ಮಿಕ್ಕ ರಾಗಿ ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಬರಗಾಲಕ್ಕೆ ಅದೇ ಊರಿನ ಬ್ಯಾಂಕು.

ರಾಗಿ ಬಡವರ ಊಟವೆಂದು ಹೀಗಳೆಯಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಅತ್ಯಲ್ಪ. ಇಳುವರಿಯೂ ಕಡಿಮೆಯೇನಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ‘ರಾಗಿ ಲಕ್ಷ್ಮಣಯ್ಯ’ನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಬೆರೆಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು.

ಎಲ್ಲಿಂದ ಆರಂಭಿಸುವುದು?

ಹೊಗೆಸೊಪ್ಪನ್ನು ಒಂದೇ ದಿನದಲ್ಲಿ ಬಿಡಿ ಎಂದರೆ ಯಾವ ಮನೆಯೂ ನಡೆಯದು. ಆದರೆ ಸೊಪ್ಪು ಮುರಿದ ಮೇಲೆ ಅದೇ ಹೊಲಕ್ಕೆ ರಾಗಿ ಹಾಕುವ ರೈತರು ಇಲ್ಲಿದ್ದಾರೆ. ಆ ರಾಗಿಗೆ ಹತ್ತಿರದಲ್ಲೇ ಒಳ್ಳೆಯ ಬೆಲೆ ಸಿಕ್ಕಿದರೆ ಮುಂದಿನ ವರ್ಷ ಇನ್ನೊಂದಿಷ್ಟು ನೆಲ ಅನ್ನಕ್ಕೆ ಮರಳೀತು. ಕೆ.ಆರ್. ನಗರದ ನಾಲೆ ಬಯಲಿನ ಭತ್ತ, ಹುಣಸೂರಿನ ರಾಗಿ, ಕೋಟೆಯ ಕಾಳು ಪರಸ್ಪರ ಕೈಬದಲಾದರೆ ನಾಲ್ಕೂ ತಾಲ್ಲೂಕು ಉಂಡೀತು. ಊರೂರಿನ ಸಣ್ಣ ರೈತರೇ ಲೋಕದ ಬಹುಪಾಲು ಜನರಿಗೆ ಅನ್ನವಿಕ್ಕುತ್ತಿದ್ದಾರೆಂದು ಪೋಪ್ ಫ್ರಾನ್ಸಿಸ್ 2015ರ ‘ಲೌದಾತೋ ಸೀ’ ವಿಶ್ವಪತ್ರದಲ್ಲಿ ನೆನಪಿಸಿದ್ದಾರೆ. ಅವರನ್ನು ಉಳಿಸುವುದು ಕೊಳ್ಳುವವರ ಕೈಯಲ್ಲೂ ಇದೆ.

ಮನೆಯಲ್ಲಿ ಚರ್ಚಿಸಿ

1. ಈ ವಾರ ನಾವು ಕೊಂಡದ್ದರಲ್ಲಿ ನಮ್ಮ ತಾಲ್ಲೂಕಿನದು ಎಷ್ಟು?
2. ಸಂತೆಯಲ್ಲಿ ಚೌಕಾಸಿ ಮಾಡುವಾಗ ಬೆಳೆದವರ ಶ್ರಮ ನೆನಪಾಗುತ್ತದೆಯೇ?
3. ಹೊಲವಿದ್ದವರು ಹತ್ತು ಗುಂಟೆಯನ್ನಾದರೂ ಮನೆಯ ಊಟಕ್ಕೆ ಮೀಸಲಿಡಬಹುದೇ? ಹೊಲವಿಲ್ಲದವರು ವರ್ಷಕ್ಕೆ ಬೇಕಾದ ರಾಗಿಯನ್ನು ಸುಗ್ಗಿಯಲ್ಲೇ ಪರಿಚಯದ ರೈತರಿಂದ ಕೊಳ್ಳಬಹುದೇ?

ಬೆಳೆದವರು ಅರೆಹೊಟ್ಟೆಯಲ್ಲಿ ಮಲಗಿದರೆ ನಮ್ಮ ಊಟದ ಪ್ರಾರ್ಥನೆ ಪೂರ್ಣವಾಗದು.