ಜೀವನಪರ್ಯಂತ ಕಲಿಕೆ: ತಂತ್ರಜ್ಞಾನ ಮತ್ತು ಸಂಶೋಧನಾ ಸಹಭಾಗಿತ್ವ

ಕಲಿಕೆಯು ಶಾಲೆಯ ಕೊನೆಯ ಗಂಟೆಯೊಡನೆ ಮುಗಿಯುವಂಥದಲ್ಲ. ರೈತನು ಹೊಸ ತಳಿಯ ಗುಣವನ್ನು ಅರಿಯಬೇಕಾಗುತ್ತದೆ. ತಾಯಿಯು ಮಗುವಿನ ಪೌಷ್ಟಿಕ ಆಹಾರದ ವಿಚಾರ ತಿಳಿಯಬೇಕಾಗುತ್ತದೆ. ಕಾರ್ಮಿಕನು ಹೊಸ ಯಂತ್ರದ ಬಳಕೆಯನ್ನು ಕಲಿಯಬೇಕಾಗುತ್ತದೆ. ಶಿಕ್ಷಕನೂ ಮರಳಿ ವಿದ್ಯಾರ್ಥಿಯಾಗಬೇಕಾಗುತ್ತದೆ. ಇವರೆಲ್ಲರನ್ನೂ ತರಗತಿಗೆ ಕರೆತರುವುದು ಅಸಾಧ್ಯವಾದುದರಿಂದ ಬಾನುಲಿ, ದೂರದರ್ಶನ, ಉಪಗ್ರಹ ಹಾಗೂ ಅಂತರಜಾಲಗಳ ಮೂಲಕ ಪಾಠವನ್ನೇ ಅವರ ಬಳಿಗೆ ಒಯ್ಯುವ ಪ್ರಯತ್ನ ನಡೆದಿದೆ. ಆದರೆ ಸಾಧನವು ಮನೆಬಾಗಿಲಿಗೆ ಬಂದ ಮಾತ್ರಕ್ಕೆ ಕಲಿಕೆ ನಡೆಯಿತೆಂದು ಹೇಳಲಾಗದು. ಯಾರು ಕಲಿತರು, ಎಷ್ಟು ಕಲಿತರು, ಯಾರು ಹೊರಗುಳಿದರು ಎಂಬುದನ್ನು ಪರೀಕ್ಷಿಸಿ ತಿಳಿಯಬೇಕು. ಇದು ಒಂದೇ ಸಂಸ್ಥೆಯಿಂದ ಆಗುವ ಕಾರ್ಯವಲ್ಲ. ‘ಸೈಟ್’ ಎಂಬ ಸಂಕ್ಷಿಪ್ತ ಹೆಸರಿನಿಂದ ಪರಿಚಿತವಾದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಹೊಣೆಗಾರಿಕೆಯ ಹಂಚಿಕೆ

ಡಾ. ವಿಕ್ರಮ್ ಸಾರಾಭಾಯಿ ಅವರ ದೂರದೃಷ್ಟಿಯ ಫಲವಾಗಿ 1969ರ ಸೆಪ್ಟೆಂಬರಿನಲ್ಲಿ ಭಾರತದ ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾ ಸಂಸ್ಥೆಗೂ ಈ ಪ್ರಯೋಗದ ಬಗ್ಗೆ ಒಪ್ಪಂದವಾಯಿತು. ನಾಸಾ ತನ್ನ ಎ.ಟಿ.ಎಸ್.-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಒದಗಿಸಿತು. ಭೂಕೇಂದ್ರಗಳು ಹಾಗೂ ಹಳ್ಳಿಯ ಗ್ರಾಹಕ ಯಂತ್ರಗಳ ಹೊಣೆಯನ್ನು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ (ಇಸ್ರೊ) ವಹಿಸಿಕೊಂಡಿತು. ಕಾರ್ಯಕ್ರಮಗಳ ತಯಾರಿಕೆಯು ಬಹುಮಟ್ಟಿಗೆ ಆಕಾಶವಾಣಿಯ ದೂರದರ್ಶನ ವಿಭಾಗದ ಪಾಲಿಗೆ ಬಂದಿತು. ಶಿಕ್ಷಕರ ತರಬೇತಿಯ ಪಾಠಗಳನ್ನು ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಲಿ ರೂಪಿಸಿತು.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಆರು ರಾಜ್ಯಗಳ 20 ಜಿಲ್ಲೆಗಳ ಸುಮಾರು 2,400 ಹಳ್ಳಿಗಳಲ್ಲಿ ಪ್ರಯೋಗ ನಡೆಯಿತು. ತಂತಿಬಲೆಯಿಂದ ಮಾಡಿದ ಸುಮಾರು ಮೂರು ಮೀಟರ್ ವ್ಯಾಸದ ಅಗ್ಗದ ಆಂಟೆನಾಗಳು ಉಪಗ್ರಹದ ಸಂಕೇತಗಳನ್ನು ನೇರವಾಗಿ ಗ್ರಹಿಸುತ್ತಿದ್ದವು. ದಿನಕ್ಕೆ ನಾಲ್ಕು ಗಂಟೆಗಳ ಪ್ರಸಾರದಲ್ಲಿ ಬೆಳಗಿನ ಒಂದೂವರೆ ಗಂಟೆ ಶಾಲಾಮಕ್ಕಳಿಗೆ, ಸಂಜೆಯ ಎರಡೂವರೆ ಗಂಟೆ ವಯಸ್ಕರಿಗೆ ಮೀಸಲಾಗಿತ್ತು.

ಒಂದು ಚಿತ್ರ, ಎರಡು ನುಡಿ

ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳು ಇದರಲ್ಲಿ ಸೇರಿದ್ದವು. ಕನ್ನಡ ಮತ್ತು ತೆಲುಗು ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ಸಿದ್ಧವಾಗುತ್ತಿದ್ದವು. ಉಪಗ್ರಹವು ಒಂದು ಚಿತ್ರದೊಡನೆ ಎರಡು ಧ್ವನಿವಾಹಿನಿಗಳನ್ನು ಒಯ್ಯಬಲ್ಲದಾಗಿದ್ದುದರಿಂದ ಆಂಧ್ರದ ಹಳ್ಳಿಯೂ ಕರ್ನಾಟಕದ ಹಳ್ಳಿಯೂ ಒಂದೇ ದೃಶ್ಯವನ್ನು ತಂತಮ್ಮ ಭಾಷೆಯಲ್ಲಿ ಅರಿಯಲು ಸಾಧ್ಯವಾಯಿತು. ಕಲಿಯುವವನು ಯಂತ್ರದ ಭಾಷೆಗೆ ಹೊಂದಿಕೊಳ್ಳುವ ಬದಲು ಯಂತ್ರವೇ ಕಲಿಯುವವನ ಭಾಷೆಗೆ ಹೊಂದಿಕೊಂಡಿತು. ಇದು ಆ ಪ್ರಯೋಗದ ದೊಡ್ಡ ಪಾಠ.

ಸಂಶೋಧನೆಯ ಪಾತ್ರ

ಈ ಪ್ರಯೋಗದಲ್ಲಿ ಸಂಶೋಧನೆಯನ್ನು ಕೊನೆಗೆ ಬರೆಯುವ ವರದಿಯೆಂದು ಎಣಿಸಿರಲಿಲ್ಲ. ಪ್ರಸಾರಕ್ಕೆ ಮುಂಚೆ, ಪ್ರಸಾರದ ಕಾಲದಲ್ಲಿ ಹಾಗೂ ಅನಂತರ ಸಮೀಕ್ಷೆಗಳು ನಡೆದವು. ಕೆಲವು ಹಳ್ಳಿಗಳಲ್ಲಿ ಮಾನವಶಾಸ್ತ್ರ ಸಂಶೋಧಕರು ಬಹುಕಾಲ ತಂಗಿ ಜನರ ಪ್ರತಿಕ್ರಿಯೆಗಳನ್ನು ಗಮನಿಸಿದರು. ಫಲಿತಾಂಶಗಳು ಎರಡು ಬಗೆಯಾಗಿದ್ದವು. ಆರೋಗ್ಯ ಮುಂತಾದ ವಿಷಯಗಳಲ್ಲಿ ವಯಸ್ಕರ ತಿಳಿವಳಿಕೆ ಹೆಚ್ಚಿತು. ಈ ಪ್ರಯೋಜನವು ಮಹಿಳೆಯರಲ್ಲೂ ಅನಕ್ಷರಸ್ಥರಲ್ಲೂ ವಿಶೇಷವಾಗಿ ಕಂಡುಬಂದಿತು. ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರು ವಿಜ್ಞಾನ ಬೋಧನೆಯ ತರಬೇತಿ ಪಡೆದರು. ಆದರೆ ಶಾಲೆಯ ದಾಖಲಾತಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಅನನುಕೂಲವಾದ ಈ ಫಲಿತಾಂಶವನ್ನೂ ಮುಚ್ಚಿಡದೆ ದಾಖಲಿಸಿದ್ದು ಮುಂದಿನವರಿಗೆ ಉಪಕಾರವಾಯಿತು.

ಮುಂದಿನ ಹೆಜ್ಜೆಗಳು

2003ರಲ್ಲಿ ಏಳು ಐ.ಐ.ಟಿ.ಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಡಗೂಡಿ ಎನ್.ಪಿ.ಟಿ.ಇ.ಎಲ್. ಎಂಬ ಯೋಜನೆಯನ್ನು ಕೈಗೊಂಡು ಎಂಜಿನಿಯರಿಂಗ್ ಮತ್ತು ವಿಜ್ಞಾನದ ಪಾಠಗಳನ್ನು ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟವು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹದ ಉಡಾವಣೆಯಾಯಿತು. ಅದರ ಪ್ರಾಯೋಗಿಕ ಹಂತದಲ್ಲಿ ಕರ್ನಾಟಕದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಪಾಲುಗೊಂಡಿತ್ತು. 2017ರ ಜುಲೈನಲ್ಲಿ ಆರಂಭವಾದ ‘ಸ್ವಯಂ’ ವೇದಿಕೆಯು ಹಲವು ವಿಶ್ವವಿದ್ಯಾಲಯಗಳ ಪಾಠಗಳನ್ನು ಒಂದೆಡೆ ತಂದಿತು. ಸಾಧನಗಳು ಬದಲಾದರೂ ಹಳೆಯ ಪ್ರಶ್ನೆ ಉಳಿದಿದೆ: ಮುಂಬಯಿಯ ಕಾರ್ಖಾನೆಯಲ್ಲೋ ಹೈದರಾಬಾದಿನ ಕಟ್ಟಡ ಕಾಮಗಾರಿಯಲ್ಲೋ ದುಡಿಯುತ್ತಿರುವ ಕನ್ನಡಿಗನಿಗೆ ಬಿಡುವಿನ ವೇಳೆಯಲ್ಲಿ ತನ್ನ ನುಡಿಯಲ್ಲಿ ಪಾಠ ದೊರೆಯುತ್ತಿದೆಯೇ?

ಸಹಭಾಗಿತ್ವಕ್ಕೆ ಬೇಕಾದ ಅಂಶಗಳು

1. ಪ್ರತಿಯೊಂದು ಸಂಸ್ಥೆಯ ಹೊಣೆಯೂ ಆರಂಭದಲ್ಲೇ ಸ್ಪಷ್ಟವಾಗಿರಬೇಕು.

2. ತಂತ್ರಜ್ಞರೊಡನೆ ಸಮಾಜ ವಿಜ್ಞಾನಿಗಳೂ ಶಿಕ್ಷಕರೂ ಮೊದಲ ದಿನದಿಂದಲೇ ಇರಬೇಕು.

3. ಕಲಿಯುವವರ ಭಾಷೆ ಹಾಗೂ ಬಿಡುವಿನ ಸಮಯವನ್ನು ಅನುಸರಿಸಿ ಪಾಠವನ್ನು ರೂಪಿಸಬೇಕು.

4. ವೈಫಲ್ಯವನ್ನೂ ಪ್ರಕಟಿಸಬೇಕು.

5. ಪ್ರಯೋಗ ಮುಗಿದ ಮೇಲೆ ಸೇವೆ ಮುಂದುವರಿಯುವ ವ್ಯವಸ್ಥೆ ಇರಬೇಕು. ‘ಸೈಟ್’ ಪ್ರಯೋಗದ ಅವಧಿ ತೀರಿದೊಡನೆ ಉಪಗ್ರಹವು ಭಾರತದ ಸೇವೆಯಿಂದ ದೂರವಾಯಿತು. ನಮ್ಮದೇ ಆದ ಇನ್ಸಾಟ್-1ಬಿ ಉಪಗ್ರಹಕ್ಕಾಗಿ ದೇಶವು 1983ರವರೆಗೆ ಕಾಯಬೇಕಾಯಿತು.

ಉಪಗ್ರಹಗಳೂ ವೇದಿಕೆಗಳೂ ಕಾಲಕಾಲಕ್ಕೆ ಬದಲಾಗುತ್ತವೆ. ಕಲಿಯುವವನ ಮಾತನ್ನು ಆಲಿಸಿ ಪಾಠವನ್ನು ತಿದ್ದಿಕೊಳ್ಳುವ ಸಂಶೋಧನಾ ಪರಂಪರೆ ಉಳಿದರೆ ಜೀವನಪರ್ಯಂತ ಕಲಿಕೆಯು ಸರ್ವರ ಹಕ್ಕಾಗಿ ಪರಿಣಮಿಸುವುದು.