ಬಸಳೆಯ ಹೆಸರು ಎಲ್ಲಿಗೆ ಹೋಯಿತು? – ಹಳೆಯ ಸಸ್ಯಚಿತ್ರಗಳಿಂದ ಮಕ್ಕಳಿಗೊಂದು ಕನ್ನಡ ಪಾಠ



ಮದೀನತ್ ಖಲೀಫಾದ ನಮ್ಮ ಮನೆಯಲ್ಲಿ ರಜಾ ದಿನಗಳಂದು ಸುತ್ತಮುತ್ತಲ ಏಳೆಂಟು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಅಕ್ಷರ, ಕಾಗುಣಿತ ಬೇಗ ಬರುತ್ತದೆ. ಕಷ್ಟವಾಗುವುದು ಹೆಸರುಗಳು. ಬಸಳೆ, ಹರಿವೆ, ಮೆಂತ್ಯ, ನುಗ್ಗೆ ಯಾವುದನ್ನು ತೋರಿಸಿದರೂ ಹೆಚ್ಚಿನ ಮಕ್ಕಳ ಉತ್ತರ ಒಂದೇ: "ಪಾಲಕ್". ಒಮ್ಮೆ ಒಬ್ಬ ಹುಡುಗ, "ಆಂಟಿ, ಬಸಳೆ ಅನ್ನೋದು ಅಜ್ಜಿ ಹೇಳೋ ಹೆಸರು. ಅದರ ನಿಜವಾದ ಹೆಸರು ಮಲಬಾರ್ ಸ್ಪಿನಾಚ್" ಎಂದ. ಮನೆಯ ಮಾತು ಸುಳ್ಳು, ಅಂಗಡಿಯ ಚೀಟಿಯ ಮಾತು ನಿಜ ಎಂಬ ಭಾವನೆ ಮಕ್ಕಳಲ್ಲಿ ಬೇರೂರಿದರೆ ಕನ್ನಡ ಕಲಿಸಿ ಪ್ರಯೋಜನವೇನು? ಅದಕ್ಕಾಗಿಯೇ ಈ ಸಂಚಿಕೆಯ ಪಾಠ.

ಮುನ್ನೂರು ವರ್ಷ ಹಿಂದಿನ ಪುಸ್ತಕ

ಬಸಳೆಯ ವೈಜ್ಞಾನಿಕ ಹೆಸರು ಬಸೆಲ್ಲಾ ಆಲ್ಬಾ. ಬಸೆಲ್ಲಾ ಎಂಬುದು ಇಂಗ್ಲಿಷೂ ಅಲ್ಲ, ಮೂಲತಃ ಲ್ಯಾಟಿನ್ನೂ ಅಲ್ಲ. ಅದು ನಮ್ಮ ಪಶ್ಚಿಮ ಕರಾವಳಿಯ ಮಾತು. ಮಲಯಾಳಿಗರ ಬಸಳ, ನಮ್ಮ ಬಸಳೆ ಎರಡೂ ಒಂದೇ ಬಳ್ಳಿ.

ಈ ಹೆಸರು ಯುರೋಪಿಗೆ ಹೋದದ್ದು 'ಹೊರ್ಟಸ್ ಮಲಬಾರಿಕಸ್' ಎಂಬ ಗ್ರಂಥದ ಮೂಲಕ. ಹೆಸರಿನ ಅರ್ಥ 'ಮಲಬಾರಿನ ತೋಟ'. ಕೊಚ್ಚಿಯಲ್ಲಿ ಡಚ್ಚರ ಆಡಳಿತ ನೋಡಿಕೊಳ್ಳುತ್ತಿದ್ದ ಹೆಂಡ್ರಿಕ್ ವಾನ್ ರೀಡ್ ಇದನ್ನು ಸಿದ್ಧಪಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಏಳುನೂರಕ್ಕೂ ಹೆಚ್ಚು ಚಿತ್ರಗಳಿವೆ.

ಗಿಡಗಳ ಗುಣ, ಹೆಸರುಗಳನ್ನು ಹೇಳಿದವರು ನಮ್ಮ ನಾಡಿನವರೇ. ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ಮತ್ತು ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು. ಕೊಂಕಣಿಯಲ್ಲಿ ಅವರು ಬರೆದುಕೊಟ್ಟ ಹೇಳಿಕೆ ನಾಗರಿ ಲಿಪಿಯಲ್ಲೇ ಮೊದಲ ಸಂಪುಟದಲ್ಲಿದೆ. ನಮ್ಮಲ್ಲಿರುವ ಮಂಗಳೂರಿನ ಕೊಂಕಣಿ ಕುಟುಂಬಗಳು ಇದನ್ನು ಮಕ್ಕಳಿಗೆ ತಪ್ಪದೇ ತೋರಿಸಬೇಕು.

ಸ್ವೀಡನ್ನಿನ ಲಿನೇಯಸ್ ಭಾರತಕ್ಕೆ ಎಂದೂ ಬರಲಿಲ್ಲ. 1753ರಲ್ಲಿ ಸಸ್ಯಗಳಿಗೆ ಎರಡು ಪದದ ಹೆಸರಿಡುವಾಗ ನಮ್ಮ ಕಡೆಯ ಅನೇಕ ಗಿಡಗಳಿಗೆ ಅವನಿಗಿದ್ದ ಆಧಾರ ಈ ಪುಸ್ತಕದ ಚಿತ್ರಗಳು. ಒಣಗಿಸಿಟ್ಟ ಮಾದರಿ ಇಲ್ಲದ ಕಡೆ ಇಂದಿಗೂ ಕೆಲವು ಗಿಡಗಳ ಹೆಸರಿಗೆ ಚಿತ್ರವೇ ಪ್ರಮಾಣ. ಅಂದರೆ ಇವು ಬರೀ ಅಲಂಕಾರದ ಚಿತ್ರಗಳಲ್ಲ, ವಿಜ್ಞಾನದ ದಾಖಲೆಗಳು.

ಚಿತ್ರವನ್ನು ಓದುವುದು ಹೇಗೆ?

ಈಗ ಈ ಸಂಪುಟಗಳನ್ನು ನೋಡಲು ಯುರೋಪಿಗೆ ಹೋಗಬೇಕಿಲ್ಲ. ದೊಡ್ಡ ದೊಡ್ಡ ಗ್ರಂಥಾಲಯಗಳು ಸೇರಿ 2006ರಲ್ಲಿ ಆರಂಭಿಸಿದ 'ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ'ಯಲ್ಲಿ ಇಂಥ ಹಳೆಯ ಪುಸ್ತಕಗಳ ಪುಟಗಳನ್ನು ಉಚಿತವಾಗಿ ನೋಡಬಹುದು. ಪುಟವನ್ನು ದೊಡ್ಡದು ಮಾಡಿ ಹೀಗೆ ಗಮನಿಸಿ:

1. ಹೆಸರುಗಳು: ಹಲವು ಚಿತ್ರಗಳ ಮೇಲೆ ಹೆಸರು ರೋಮನ್, ಮಲಯಾಳಂ, ಅರಬ್ಬೀ ಮತ್ತು ನಾಗರಿ ಲಿಪಿಗಳಲ್ಲಿದೆ. ಕತಾರಿನ ಶಾಲೆಯಲ್ಲಿ ಅರಬ್ಬಿ, ಹಿಂದಿ ಕಲಿಯುತ್ತಿರುವ ಮಕ್ಕಳು ಇವನ್ನು ತಾವೇ ಓದಲು ಪ್ರಯತ್ನಿಸಬಹುದು. ಮೊದಲ ಚಿತ್ರವೇ 'ತೆಂಗ'. ಅದೇ ಸಂಪುಟದಲ್ಲಿ ಮುಂದೆ 'ಬಾಲ' ಎಂದಿದೆ, ನಮ್ಮ ಬಾಳೆ. ಅಡಿಕೆ ಮರಕ್ಕೆ 'ಕೌಂಗ'. ತುಳುವರು ಕೂಡಲೇ 'ನಮ್ಮ ಕಂಗು!' ಎನ್ನುತ್ತಾರೆ.

2. ಕಾಗುಣಿತ: ರೋಮನ್ ಅಕ್ಷರಗಳನ್ನು ಡಚ್ಚರು ತಮ್ಮ ಉಚ್ಚಾರಕ್ಕೆ ತಕ್ಕಂತೆ ಬರೆದಿದ್ದಾರೆ. ಟಿ, ಎಸ್, ಜೆ ಒಟ್ಟಿಗೆ ಬಂದರೆ 'ಚ' ಎಂದು ಓದಿ. ಆಗ ಹಲಸಿನ ಚಿತ್ರದ ಹೆಸರು 'ಚಕ್ಕ ಮರಂ' ಎಂದು ತಿಳಿಯುತ್ತದೆ. ಪೋರ್ಚುಗೀಸರ ಬಾಯಲ್ಲಿ ಹಾದು ಬಂದ ಈ ಚಕ್ಕವೇ ಇಂಗ್ಲಿಷಿನ ಜ್ಯಾಕ್ ಫ್ರೂಟ್.

3. ಭಾಗಗಳು: ಇಡೀ ಮರದ ಜೊತೆ ಹೂವು, ಕಾಯಿ, ಬೀಜಗಳನ್ನು ಬಿಡಿಬಿಡಿಯಾಗಿ ಬರೆದಿರುತ್ತಾರೆ. ಮಕ್ಕಳಿಗೆ ಎಸಳು, ತೊಟ್ಟು, ಕುಡಿ, ಗೊನೆ, ತೊಳೆ ಎಂಬ ಪದಗಳನ್ನು ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಪುಟ ಬೇರೆ ಬೇಡ.

4. ಮೂಲೆಗಳು: 19ನೆಯ ಶತಮಾನದ ಪುಸ್ತಕಗಳಲ್ಲಿ ಚಿತ್ರದ ಕೆಳಗಿನ ಮೂಲೆ ನೋಡಿ. 'ಡೆಲ್' ಎಂದಿದ್ದರೆ ಅದರ ಹಿಂದಿನ ಹೆಸರು ಬರೆದವರದು, 'ಎಸ್‌ಸಿ' ಎಂದಿದ್ದರೆ ಕೆತ್ತಿದವರದು.

ಈ ಮೂಲೆಯನ್ನು ಮರೆಯಬೇಡಿ. ಮದರಾಸಿನಲ್ಲಿ 1838ರಿಂದ 1853ರವರೆಗೆ ಪ್ರಕಟವಾದ ರಾಬರ್ಟ್ ವೈಟ್‌ನ 'ಐಕೋನ್ಸ್' ಸಂಪುಟಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳಿವೆ. ಅವುಗಳ ಮೂಲೆಯಲ್ಲಿ ರಂಗಯ್ಯ, ಗೋವಿಂದು ಎಂಬ ದಕ್ಷಿಣ ಭಾರತದ ಚಿತ್ರಕಾರರ ಹೆಸರು ಸಿಗುತ್ತದೆ. ರಂಗಯ್ಯನ ಹೆಸರಿನಲ್ಲಿ 'ರಂಗಿಯಾ' ಎಂಬ ಸಸ್ಯಕುಲವೇ ಇದೆ. ಗೋವಿಂದುವಿನ ಹೆಸರನ್ನು ವೈಟ್ ಒಂದು ಆರ್ಕಿಡ್ ಗಿಡಕ್ಕೆ ಇಟ್ಟಿದ್ದ.

ನಮ್ಮ ಕರ್ನಾಟಕದಲ್ಲಿ

ಹ್ಯೂ ಕ್ಲೆಗ್‌ಹಾರ್ನ್ ಎಂಬ ವೈದ್ಯ 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದಾಗ ಅಲ್ಲಿನ ಗಿಡಮರಗಳ ಚಿತ್ರಗಳನ್ನು ಭಾರತೀಯ ಕಲಾವಿದರಿಂದ ಬರೆಸಿದ. ಅವು ಈಗ ಎಡಿನ್‌ಬರಾದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿವೆ. ಅಲ್ಲಿನ ಹೆನ್ರಿ ನೋಲ್ಟಿ 2016ರಲ್ಲಿ ಈ ಸಂಗ್ರಹದ ಬಗ್ಗೆ ಪುಸ್ತಕ ತಂದರು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಜಾನ್ ಕ್ಯಾಮರಾನ್ ಕಾಲದಲ್ಲಿ ಚೆಲುವಯ್ಯ ರಾಜು ಅವರು ತೋಟದ ಗಿಡಗಳನ್ನು ಬಣ್ಣದಲ್ಲಿ ಚಿತ್ರಿಸಿದ್ದರು. ಶಿವಮೊಗ್ಗ, ಬೆಂಗಳೂರಿನ ಕುಟುಂಬಗಳಿಗೆ ಇದು ಮನೆಯ ಸುದ್ದಿಯೇ.

ಪ್ರಾಣಿಗಳನ್ನು ಇಷ್ಟಪಡುವ ಮಕ್ಕಳಿಗೆ 2014ರಲ್ಲಿ ಆರಂಭವಾದ ಕತಾರ್ ಡಿಜಿಟಲ್ ಲೈಬ್ರರಿ ತೋರಿಸಿ. ಅಲ್ಲಿರುವ ಅರಬ್ಬೀ ಹಸ್ತಪ್ರತಿಗಳಲ್ಲಿ 13ನೆಯ ಶತಮಾನದ 'ಕಿತಾಬ್ ನಅತ್ ಅಲ್-ಹಯವಾನ್' ಕೂಡ ಒಂದು. ಅದರ ಪ್ರಾಣಿಚಿತ್ರಗಳು ಬಹಳ ಸೊಗಸಾಗಿವೆ.

ಮನೆಯಲ್ಲಿ ಮಾಡಿ ನೋಡಿ

* ಹೊರ್ಟಸ್ ಮಲಬಾರಿಕಸ್‌ನ ಚಿತ್ರಗಳು ಕಪ್ಪು ಗೆರೆಯ ತಾಮ್ರದಚ್ಚಿನವು. ಅಷ್ಟು ಹಳೆಯ ಪುಸ್ತಕಕ್ಕೆ ಈಗ ಹಕ್ಕುಸ್ವಾಮ್ಯವಿಲ್ಲ. ಒಂದು ಪುಟ ಪ್ರಿಂಟ್ ಮಾಡಿ ಮಕ್ಕಳಿಂದ ಬಣ್ಣ ಹಾಕಿಸಿ.

* ಊರಿಗೆ ಫೋನ್ ಮಾಡಿದಾಗ ಅಜ್ಜ ಅಜ್ಜಿಯರನ್ನೇ ಮಕ್ಕಳು ಕೇಳಲಿ: "ಅಜ್ಜಿ, ನಿಮ್ಮ ಕಡೆ ಇದಕ್ಕೆ ಏನಂತೀರಿ? ಇದರಿಂದ ಏನು ಅಡುಗೆ ಮಾಡ್ತೀರಿ?" ಬಾಳೆಗೆ ತುಳುವಿನಲ್ಲಿ ಬಾರೆ. ಒಂದೇ ಗಿಡಕ್ಕೆ ಊರೂರಿಗೊಂದು ಹೆಸರು ಬಂದರೆ ಎಲ್ಲವನ್ನೂ ಬರೆಯಿರಿ. ಯಾವುದೂ ತಪ್ಪಲ್ಲ.

* ಕೆಳಗೆ ಕನ್ನಡ ಅಕ್ಷರದಲ್ಲಿ ಹೆಸರು ಬರೆಸಿ. ಆ ಹಳೆಯ ಪುಟದಲ್ಲಿ ನಾಲ್ಕು ಲಿಪಿಗಳಿವೆ, ಕನ್ನಡವಿಲ್ಲ. ಐದನೆಯದು ನಮ್ಮ ಮಕ್ಕಳ ಕೈಬರಹವಾಗಲಿ.

* ಸಂಜೆ ವಾಕಿಂಗ್ ಹೋದಾಗ ಖರ್ಜೂರದ ಮರ ತೋರಿಸಿ, ನಮ್ಮೂರಿನ ಈಚಲು ಇದರದೇ ಕುಲದ್ದು ಎಂದು ಹೇಳಿ.

ಒಂದು ಎಚ್ಚರಿಕೆ. ಹಳೆಯ ಪುಸ್ತಕಗಳಲ್ಲಿ ಔಷಧಿಯ ವಿವರಗಳೂ ಇರುತ್ತವೆ, ವಿಷದ ಗಿಡಗಳೂ ಇರುತ್ತವೆ. ಅದನ್ನು ಓದಿ ಯಾವ ಮದ್ದನ್ನೂ ಮನೆಯಲ್ಲಿ ಪ್ರಯೋಗ ಮಾಡಬೇಡಿ.

ನಮ್ಮ ತರಗತಿಯಲ್ಲಿ ಈಗ ಹನ್ನೊಂದು ಚಿತ್ರಗಳು ಸೇರಿವೆ. ಬಸಳೆಯ ಹಾಳೆಯ ಕೆಳಗೆ ಹೆಸರು ಬರೆದವನು 'ಮಲಬಾರ್ ಸ್ಪಿನಾಚ್' ಎಂದಿದ್ದ ಅದೇ ಹುಡುಗ. 'ಳೆ' ಸ್ವಲ್ಪ ಸೊಟ್ಟಗಾಗಿದೆ, ಹೆಸರು ಮಾತ್ರ ಸರಿಯಾಗಿದೆ. ನಿಮ್ಮ ಮಕ್ಕಳು ಮಾಡಿದ ಹಾಳೆಗಳನ್ನೂ ಸ್ಕ್ಯಾನ್ ಮಾಡಿ ಸಂಘಕ್ಕೆ ಕಳುಹಿಸಿ. ಜೊತೆಗೆ ಅಜ್ಜಿ ಹೇಳಿದ ಹೆಸರು ಮತ್ತು ಅವರ ಊರನ್ನು ಬರೆಯಲು ಮರೆಯದಿರಿ.

ಸಿರಿಗನ್ನಡಂ ಗೆಲ್ಗೆ!